ಕೈಲಾಸದ ಐದು ಬಾತ್‌ರೂಮು

ಮನೆಯ ಹೆಸರು ಕೈಲಾಸ. ಅದಕ್ಕೆ ಐದು ಬಾತ್‌ರೂಮು. ಇರುವವರು ಗಂಡ, ಹೆಂಡತಿ, ಒಂದು ಮಗು. ಉಳಿದವು ಯಾರಿಗೆ ಅಂತ ಉಚ್ಚಂಗಮ್ಮ ಕೇಳಿದಾಗ ಮೇಸ್ತ್ರಿ ಬಕ್ಕೇಶ ಹೇಳಿದ್ದ: “ಒಂದು ಬಂದ ನೆಂಟ್ರಿಗೆ, ಒಂದು ಮಠದ ಸ್ವಾಮಿಗಳಿಗೆ.”

“ಸ್ವಾಮಿಗಳು ವರ್ಷಕ್ಕೆ ಎಷ್ಟು ಸಲ ಬರ್ತಾರೋ?”

“ಒಂದು ಸಲ ಬಂದ್ರೆ ಹೆಚ್ಚು.”

“ಪಾಪ, ಅಲ್ಲಿತನಕ ಕಟ್ಕಂಡೇ ಕುಂತಿರ್ತಾರೇನೋ” ಅಂದಳು ಉಚ್ಚಂಗಮ್ಮ. ತಲೆಯ ಮೇಲೆ ಮಣ್ಣಿನ ಬುಟ್ಟಿ ಹೊತ್ತ ಅಂಜಿನವ್ವ ನಕ್ಕ ನಗೆಗೆ ಅರ್ಧ ಮಣ್ಣು ಚೆಲ್ಲಿತು. ಬಕ್ಕೇಶ ಇಬ್ಬರಿಗೂ ಬೈದ.

ಕಥೆ ಉಚ್ಚೆಯಿಂದ ಶುರುವಾಯಿತಲ್ಲ ಅಂತ ಮೂಗು ಮುರಿಯುವವರು ಇಲ್ಲೇ ಎದ್ದು ಹೋಗಬಹುದು. ಅವರಿಗೆ ಎದ್ದು ಹೋಗಲು ಒಂದು ಜಾಗ ಇದೆ. ಅದಕ್ಕೆ ಬಾಗಿಲಿದೆ, ಬಾಗಿಲಿಗೆ ಚಿಲಕ ಇದೆ. ಉಚ್ಚಂಗಮ್ಮನಿಗೆ ಇರಲಿಲ್ಲ.

ಕೊಟ್ಟೂರೇಶನದು ದಾವಣಗೆರೆ ಮಂಡಿಪೇಟೆಯಲ್ಲಿ ಅಡುಗೆ ಎಣ್ಣೆಯ ಹೋಲ್‌ಸೇಲ್ ಅಂಗಡಿ. ಹೊಳೆ ಕಾಣುವ ಮನೆ ಬೇಕು ಅಂತ ಅವನ ಹೆಂಡತಿ ಸ್ನೇಹಾ ಹಟ ಹಿಡಿದಳು. ಹರಿಹರದ ಹೊರಗೆ ತುಂಗಭದ್ರೆಗೆ ಮುಖ ಮಾಡಿದ ಒಂದು ದಿಬ್ಬ ಸಿಕ್ಕಿತು. ಅದರ ನೆತ್ತಿಯ ಮೇಲೆ ಮನೆ ಎಬ್ಬಿಸಿದರು. ಮನೆ ನಿಂತಿತು, ಸುತ್ತಲಿನ ಇಳಿಜಾರು ನಿಲ್ಲಲಿಲ್ಲ. ಮೊದಲ ಮಳೆಗೇ ಅಂಗಳದ ಅಂಚು ಕುಸಿದು ಕೆಳಗಿನ ರಸ್ತೆಗೆ ಹೋಗಿ ಮಲಗಿತು. ಆಮೇಲೆ ಇಂಜಿನಿಯರು ಬಂದ, ಚಿತ್ರ ಬರೆದ. ದಿಬ್ಬವನ್ನು ಮೆಟ್ಟಿಲು ಮೆಟ್ಟಿಲಾಗಿ ಕೊರೆಯಬೇಕು. ಪ್ರತಿ ಮೆಟ್ಟಿಲಿಗೆ ಕಲ್ಲಿನ ಗೋಡೆ. ಗೋಡೆಯ ಹಿಂದೆ ಹೊಸ ಮಣ್ಣು. ಮಣ್ಣು ಜಾರದಂತೆ ಲಾವಂಚದ ಹುಲ್ಲಿನ ಸಾಲು. ಮೇಲಿನ ಮೆಟ್ಟಿಲಿಗೆ ಹುಲ್ಲುಹಾಸು, ಹೂವು, ಕೂರಲು ಉಯ್ಯಾಲೆ. ಚಿತ್ರ ಬಹಳ ಚೆಂದ ಇತ್ತು. ಅದರಲ್ಲಿ ಮಣ್ಣು ಹೊರುವವರು ಯಾರೂ ಇರಲಿಲ್ಲ.

ಹೊರುವವರು ಸಾರಥಿ ಊರಿನ ಕೆಳಗೇರಿಯಿಂದ ಬಂದರು. ಉಚ್ಚಂಗಮ್ಮ, ಅವಳಿಗಿಂತ ಹಿರಿಯಳಾದ ಅಂಜಿನವ್ವ, ಉಚ್ಚಂಗಮ್ಮನ ತಮ್ಮನ ಹೆಂಡತಿ ಪ್ರೇಮಲತಾ, ಇನ್ನಷ್ಟು ಹೆಣ್ಣಾಳುಗಳು. ಕಲ್ಲು ಕಟ್ಟುವುದಕ್ಕೆ ಗಂಡಾಳುಗಳು ಬೇರೆ. ಬೆಳಗ್ಗೆ ಲಗೇಜ್ ಆಟೋ ಹತ್ತಿದರೆ ಸಂಜೆ ಇಳಿಯುವುದು.

ಲಾರಿ ದಿಬ್ಬ ಹತ್ತುತ್ತಿರಲಿಲ್ಲ. ಕೆಳಗಿನ ರಸ್ತೆಯಲ್ಲಿ ಮಣ್ಣು ಸುರಿದು ಹೋಗುತ್ತಿತ್ತು. ಅಲ್ಲಿಂದ ಬುಟ್ಟಿಯೇ ಗತಿ. ಹಿಮ್ಮಡಿ ಊರಿದರೆ ಜಾರುತ್ತದೆ, ಬೆರಳೂರಿ ಹತ್ತಬೇಕು. ಕತ್ತು ಹೆಗಲೊಳಗೆ ಇಳಿದ ಹಾಗಾಗುತ್ತದೆ. ಸೊಂಟದ ಕೆಳಗೆಲ್ಲ ಬಿಗಿ ಹಿಡಿಯುತ್ತದೆ. ಒಂದು ಕೈ ಬುಟ್ಟಿಗೆ, ಒಂದು ಕೈ ಮೊಣಕಾಲಿಗೆ. ಮೇಲೆ ಹೋಗಿ ಮಣ್ಣು ಸುರಿದು ಉಸಿರು ಬಿಡುವಷ್ಟರಲ್ಲಿ ಬಕ್ಕೇಶನ ಬಾಯಿ: “ಏನ್ ಹೊಳೆ ನೋಡಾಕ್ ಬಂದೀರೇನು? ಇಳೀರಿ, ಇಳೀರಿ.”

ಆ ದಿಬ್ಬದ ಮೈತುಂಬ ಮೊದಲು ಬಳ್ಳಾರಿ ಜಾಲಿ ಇತ್ತು. ಕೆಲಸ ಶುರುವಾದಾಗ ಹೆಂಗಸರು ಅದರ ಹಿಂದೆ ಹೋಗಿ ಬರುತ್ತಿದ್ದರು. ಮುಳ್ಳು ಎಲ್ಲೆಲ್ಲೋ ಚುಚ್ಚುತ್ತಿತ್ತು, ಆದರೂ ಮರೆ ಮರೆಯೇ. ಮೊದಲು ಕೊಟ್ಟ ಕೆಲಸವೇ ಆ ಜಾಲಿಯನ್ನು ಬೇರುಸಹಿತ ಕೀಳುವುದು. ಕಿತ್ತರು. ಕಿತ್ತು ಮುಗಿಸಿ ತಿರುಗಿ ನೋಡಿದರೆ ದಿಬ್ಬ ಬೋಳು. ಕೆಳಗೆ ರಸ್ತೆ, ಆಚೆ ಬೇರೆ ಸೈಟುಗಳು, ಬೈಕು, ಕಾರು. ಮರೆಗೆ ಅಂತ ಒಂದು ಕಡ್ಡಿ ಇಲ್ಲ.

ಗಂಡಸರಿಗೇನು, ಹೊಳೆ ಕಡೆ ಮುಖ ಮಾಡಿ ನಿಂತರೆ ಮುಗಿಯಿತು. “ದೇವರು ಅವರಿಗೆ ನಲ್ಲಿ ಜೋಡಿಸಿ ಕಳಿಸ್ಯಾನೆ, ಎಲ್ಲಿ ಬೇಕಾದ್ರೂ ತಿರುವ್ತಾರೆ” ಅನ್ನುತ್ತಿದ್ದಳು ಅಂಜಿನವ್ವ.

ಸ್ನೇಹಾ ಕೆಲಸ ನೋಡಲು ಬಂದ ದಿನ ಉಚ್ಚಂಗಮ್ಮ ಕೇಳಿಯೇ ಬಿಟ್ಟಳು. “ಅಕ್ಕಾರೆ, ಮನ್ಯಾಗೆ ಐದು ಬಾತ್‌ರೂಮು ಐತಂತೆ. ಹೆಣ್ಣಾಳಿಗೆ ಒಂದು ಬಿಟ್ಟುಕೊಡ್ರಿ. ಹಿತ್ಲ ಕಡೀದು ಆದ್ರೂ ಆತು.”

ಸ್ನೇಹಾಗೆ ಸಿಟ್ಟು ಬರಲಿಲ್ಲ. ಆಕೆ ಒಳ್ಳೆಯವಳೇ. ಮೆತ್ತಗೆ ಹೇಳಿದಳು: “ಗೃಹಪ್ರವೇಶ ಆಗಿಲ್ವಲ್ಲಮ್ಮ. ಪೂಜೆ ಆಗ್ದೆ ಯಾರೂ ಯೂಸ್ ಮಾಡಂಗಿಲ್ಲ, ನಾವೇ ಮಾಡಿಲ್ಲ. ಗೃಹಪ್ರವೇಶ ಆಗ್ಲಿ, ಆಮೇಲೆ ನೋಡನ.”

ಗೃಹಪ್ರವೇಶಕ್ಕೆ ಇನ್ನೂ ಒಂದು ಮಳೆಗಾಲ ಬಾಕಿ ಇತ್ತು. ಅಲ್ಲಿವರೆಗೆ ತಡೆದುಕೊಳ್ಳುವುದಕ್ಕೆ ಇವರ ಹೊಟ್ಟೆಯಲ್ಲಿ ಇರುವುದೇನು ಭದ್ರಾ ಡ್ಯಾಮೇ?

ಹೋಗಲಿ, ಒಂದು ತಗಡಿನ ಮರೆ ಮಾಡಿಕೊಡು ಅಂತ ಬಕ್ಕೇಶನನ್ನು ಕೇಳಿದಳು. “ತಗಡು ಹಾಕಿದ್ರೆ ಸೈಟ್ ಅಸಹ್ಯ ಕಾಣ್ತೈತೆ ಅಂತಾರೆ ಸಾವ್ಕಾರ್ರು. ನಿಮ್ಮನ್ನೇನು ಉಚ್ಚೆ ಹೊಯ್ಯಾಕ ಕರ್ಸೀನೇನು? ಎಲ್ಲ ಮನ್ಯಾಗೆ ಮುಗಿಸ್ಕಂಡು ಬರ್ರಿ.”

“ನೀನೂ ಮನ್ಯಾಗೆ ಉಂಡೇ ಬರ್ತೀಯಲ್ಲ, ಮತ್ಯಾಕ ಮಧ್ಯಾಹ್ನ ಬುತ್ತಿ ಬಿಚ್ತೀ? ಬಾಯಿ ಹೊಲ್ಕಂಡು ಬಾ.”

ಬಕ್ಕೇಶ ಬುತ್ತಿ ಬಿಡಲಿಲ್ಲ. ತಗಡೂ ಕೊಡಲಿಲ್ಲ.

ಅವತ್ತಿನಿಂದ ಹೆಂಗಸರು ನೀರು ಕುಡಿಯುವುದನ್ನೇ ಬಿಟ್ಟರು. ಬೇರೆ ದಾರಿ ಇರಲಿಲ್ಲ. ಮಣ್ಣು ಹೊರುವ ಮೈ, ನೆತ್ತಿ ಸುಡುವ ಬಿಸಿಲು, ಗಂಟಲಲ್ಲಿ ರೊಟ್ಟಿ ಇಳಿಯದು. ನಾಲಿಗೆ ಒದ್ದೆ ಮಾಡಿಕೊಂಡು ಉಗುಳುತ್ತಿದ್ದರು. ಉಚ್ಚಂಗಮ್ಮನಿಗೆ ಮೊದಲು ಕಿಬ್ಬೊಟ್ಟೆ ಹಿಡಿಯಿತು. ಆಮೇಲೆ ಉರಿ ಶುರುವಾಯಿತು. ಸಂಜೆ ಮನೆಗೆ ಹೋಗಿ ಕೂತರೆ ಹನಿ ಹನಿಯೂ ಕೆಂಡ. ಬುಟ್ಟಿ ಹೊತ್ತು ದಿಬ್ಬ ಹತ್ತುವಾಗ ಒಮ್ಮೊಮ್ಮೆ ತಡೆಯಲಾಗದೆ ಸೀರೆಯಲ್ಲೇ ಹೋಗುತ್ತಿತ್ತು. ಬೆವರು ಅಂದುಕೊಳ್ಳಲಿ ಅಂತ ಸುಮ್ಮನೆ ನಡೆಯುತ್ತಿದ್ದಳು. ಬಾಯಿ ಜೋರಿನ ಹೆಂಗಸು, ಕೇರಿಯಲ್ಲಿ ಯಾರಿಗೂ ಸೊಪ್ಪು ಹಾಕದವಳು, ಆ ಒದ್ದೆ ಸೀರೆಯಲ್ಲಿ ಅವಳ ತಲೆ ತಗ್ಗುತ್ತಿತ್ತು. ಅದೇ ಅವಳಿಗೆ ತಡೆಯಲಾಗದ ಸಿಟ್ಟು.

ಆಸ್ಪತ್ರೆಗೆ ಹೋದಳು. ಡಾಕ್ಟರಮ್ಮ ಪರೀಕ್ಷೆ ಮಾಡಿ ಹೇಳಿದರು: “ಹಿಂಗೇ ಬಿಟ್ಟರೆ ಕಿಡ್ನಿಗೆ ಹೋಗುತ್ತೆ. ನೀರು ಕುಡೀಬೇಕಮ್ಮ, ಚೆನ್ನಾಗಿ ನೀರು ಕುಡಿ.”

“ಕುಡಿದದ್ದನ್ನ ಎಲ್ಲಿಗೆ ಒಯ್ಲಿ ಮೇಡಂ? ನಿಮ್ಮನಿಗೆ ಬರ್ಲಾ?”

ಡಾಕ್ಟರಮ್ಮ ನಕ್ಕರು. ಆಮೇಲೆ ನಗು ನಿಲ್ಲಿಸಿ ಗುಳಿಗೆ ಬರೆದುಕೊಟ್ಟರು.

ಇತ್ತ ದಿಬ್ಬದ ಮೇಲೆ ಹುಲ್ಲುಹಾಸು ಬಂತು. ಚಾಪೆ ಸುತ್ತಿದ ಹಾಗೆ ಸುತ್ತಿ ಲಾರಿಯಲ್ಲಿ ತಂದಿದ್ದರು. ಅದಕ್ಕೆ ಹೊತ್ತು ಹೊತ್ತಿಗೆ ನೀರು. ತಿರುಗುವ ಪಿಚಕಾರಿ ಹಚ್ಚಿಟ್ಟಿದ್ದರು, ಚಿರ್ ಅಂತ ಸುತ್ತಲೂ ಎರಚುತ್ತಿತ್ತು. ಬಾಯಾರಿದ ಹೆಂಗಸರು ಪಕ್ಕದಲ್ಲಿ ಕೂತು ನೋಡುತ್ತಿದ್ದರು. “ಇನ್ನೊಂದು ಜನ್ಮ ಅಂತಿದ್ರೆ ಇವರ ಹುಲ್ಲಾಗಿ ಹುಟ್ಟಬೇಕು ಕಣೆ” ಅಂದಳು ಅಂಜಿನವ್ವ. “ಕುಂತಲ್ಲಿಗೇ ನೀರು, ಬ್ಯಾಡಾದ್ದು ಕುಂತಲ್ಲೇ ಹೋಗ್ತೈತೆ. ಯಾರೂ ಕೇಳಲ್ಲ.”

ಲಾವಂಚ ನೆಡುವ ಕೆಲಸ ಬಂದಾಗ ಉಚ್ಚಂಗಮ್ಮನಿಗೆ ಒಂದು ಯೋಚನೆ ಬಂತು. ದಾರ ಹಿಡಿದು ಸಾಲಾಗಿ, ಗೇಣು ಬಿಟ್ಟು ಗೇಣಿಗೆ ನೆಡಬೇಕು ಅಂತ ಹೇಳಿದ್ದರು. ಎಲ್ಲ ಕಡೆ ಹಾಗೇ ನೆಟ್ಟರು. ಕಟ್ಟಕಡೆಯ ಮೆಟ್ಟಿಲಿನ ಮೂಲೆಯಲ್ಲಿ, ಕಲ್ಲಿನ ಗೋಡೆ ತಿರುಗುವಲ್ಲಿ ಮಾತ್ರ ಬೇರೆ ಲೆಕ್ಕ. ಅಲ್ಲಿ ಒತ್ತೊತ್ತಾಗಿ, ಸುತ್ತುಗಟ್ಟಿ ನೆಟ್ಟಳು. ನಡುವೆ ಒಬ್ಬರು ಕೂರುವಷ್ಟು ಜಾಗ ಬಿಟ್ಟಳು. ಮಿಕ್ಕ ಬುಡಗಳನ್ನೆಲ್ಲ ಅಲ್ಲೇ ತುರುಕಿದಳು.

ಮಳೆ ಚೆನ್ನಾಗಿ ಆಯಿತು. ಲಾವಂಚ ಎದೆಯುದ್ದ ಎದ್ದಿತು. ಹೆಂಗಸರು ಒಳಗೆ ಎರಡು ಚಪ್ಪಡಿ ಹಾಕಿಕೊಂಡರು, ಒಂದು ಡಬ್ಬದಲ್ಲಿ ನೀರಿಟ್ಟರು. ಅದಕ್ಕೆ ‘ಆರನೇದು’ ಅಂತ ಹೆಸರಿಟ್ಟರು. “ಬುಟ್ಟಿ ಹಿಡಿಯೇ, ಆರನೇದಕ್ಕೆ ಹೋಗಿ ಬರ್ತೀನಿ” ಅಂದರೆ ಎಲ್ಲರಿಗೂ ನಗು. ಬಕ್ಕೇಶನಿಗೆ ಗೊತ್ತಾಯಿತು, ಗೊತ್ತಿಲ್ಲದವನಂತೆ ಇದ್ದ. ಅವನಿಗೂ ಮನೆಯಲ್ಲಿ ಹೆಂಡತಿ, ತಂಗಿ ಇದ್ದರು.

ಉಚ್ಚಂಗಮ್ಮ ಮತ್ತೆ ನೀರು ಕುಡಿಯತೊಡಗಿದಳು. ಕೊಡದಿಂದ ಬಗ್ಗಿಸಿ ಗಟಗಟ ಕುಡಿಯುವುದೇ ಒಂದು ಹಬ್ಬವಾಯಿತು. ಉರಿ ಇಳಿಯಿತು. ಅವಳ ಬಾಯಿ ಮತ್ತೆ ಜೋರಾಯಿತು.

ಗೃಹಪ್ರವೇಶದ ದಿನ ಗೊತ್ತಾಯಿತು. ಒಂದು ದಿನ ಸ್ನೇಹಾ ಬಾಲ್ಕನಿಯಲ್ಲಿ ನಿಂತು ಕೆಳಗೆ ನೋಡಿದಳು. “ಬಕ್ಕೇಶ್, ಅಲ್ಲೇನು ಅದು ಕಾಡು ಬೆಳ್ದಂಗೆ? ಎಲ್ಲಾ ಸಾಲು ನೀಟಾಗಿ ಐತೆ, ಅಲ್ಲೊಂದು ಗುಡ್ಡೆ. ನಾಳೆ ಡ್ರೋನ್ ಶೂಟಿಂಗ್‌ನವ್ರು ಬರ್ತಾರೆ. ಅದನ್ನ ಬುಡಮಟ ಕೊಯ್ಸು.”

ಬಕ್ಕೇಶ ತಲೆ ಕೆರೆದುಕೊಂಡ. ಉಚ್ಚಂಗಮ್ಮನೇ ಮೇಲೆ ಹೋಗಿ ಹೇಳಿದಳು: “ಅಕ್ಕಾರೆ, ಅದೊಂದು ಬಿಡ್ರಿ. ಅದು ನಮ್ಮ ಹೆಣ್ಣಾಳಿನ ಮರೆ.”

ಸ್ನೇಹಾಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಅರ್ಥವಾದ ಮೇಲೆ ಸೆರಗು ಮೂಗಿಗೆ ಹೋಯಿತು. “ಛೀ! ನಮ್ಮ ಗಾರ್ಡನ್‌ನಾಗಾ? ಇಷ್ಟು ದಿನ? ನಮ್ಮ ಮಗು ಆಡೋ ಜಾಗ ಅದು. ನಿಮಗೆ ನಾಚ್ಕಿ ಅನ್ನೋದು ಏನಾದ್ರೂ ಐತೋ ಇಲ್ವೋ? ಇವತ್ತೇ ಕೊಯ್ರಿ, ಈಗ್ಲೇ.”

ನಾಚಿಕೆ ಇದ್ದದ್ದರಿಂದಲೇ ತಾಯಿ, ಆ ಮರೆ. ನಾಚಿಕೆಗೆಟ್ಟವರಾಗಿದ್ದರೆ ನಿನ್ನ ಉಯ್ಯಾಲೆಯ ಬುಡದಲ್ಲೇ ಕೂರುತ್ತಿದ್ದರು. ಇದನ್ನು ಉಚ್ಚಂಗಮ್ಮ ಹೇಳಲಿಲ್ಲ. ಕೂಲಿ ನೆನಪಾಗಿ ನುಂಗಿಕೊಂಡಳು. ಕುಡುಗೋಲು ತಂದು ತಾನೇ ನೆಟ್ಟದ್ದನ್ನು ತಾನೇ ಕೊಯ್ದಳು. ಅಂಜಿನವ್ವ ಚಪ್ಪಡಿ ಎತ್ತಿ ಬಿಸಾಕಿದಳು. ಚಪ್ಪಡಿ ಎದ್ದಲ್ಲಿ ಲಾವಂಚದ ಬೇರು ಘಮ್ಮೆಂದಿತು.

ಮಾರನೆಯ ದಿನ ಪ್ರೇಮಲತಾಗೆ ಮುಟ್ಟು. ಪಿಯುಸಿ ಓದಿದ ಹುಡುಗಿ, ಮದುವೆಯಾಗಿ ಇನ್ನೂ ವರ್ಷ ತುಂಬಿಲ್ಲ. ಬಟ್ಟೆ ಬದಲಿಸದೆ ಗತಿಯಿರಲಿಲ್ಲ. ಕೊಯ್ದ ಕೂಳೆಯ ಹಿಂದೆ, ಕಲ್ಲಿನ ಗೋಡೆಗೆ ಒತ್ತಿಕೊಂಡು ಕೂತಳು. ಎದುರಿಗೆ ಉಚ್ಚಂಗಮ್ಮ ತನ್ನ ಸೆರಗನ್ನು ಅಗಲಕ್ಕೆ ಹಿಡಿದು ನಿಂತಳು. ರಸ್ತೆಯವರಿಗೆ ಅದು ಮರೆ. ಆಕಾಶದ ಕಡೆ ಯಾರು ನೋಡುತ್ತಾರೆ?

ಗುಂಯ್ ಅಂತ ಸದ್ದು ಬಂತು. ತಲೆ ಎತ್ತಿದರೆ ಡ್ರೋನು. ಜೇನುಹುಳದ ಹಾಗೆ ಅಲ್ಲೇ ನಿಂತು ಗುಂಯ್‌ಗುಡುತ್ತಿತ್ತು. ಪ್ರೇಮಲತಾ ಕಿರುಚಿ ಸೀರೆ ಎಳೆದುಕೊಂಡಳು. ಉಚ್ಚಂಗಮ್ಮ ಕೈಗೆ ಸಿಕ್ಕ ಕಲ್ಲು ಬೀಸಿದಳು, ತಾಗಲಿಲ್ಲ. ಮೇಲಿನ ಹುಲ್ಲಿನ ಮೇಲೆ ಇಬ್ಬರು ಕ್ಯಾಮೆರಾದವರು ಸಣ್ಣ ಪರದೆ ನೋಡಿ ಹಲ್ಲು ಬಿಡುತ್ತಿದ್ದರು.

ಉಚ್ಚಂಗಮ್ಮ ಬರಿಗಾಲಲ್ಲಿ ದಿಬ್ಬ ಹತ್ತಿದಳು. ಆ ದಿಬ್ಬವನ್ನು ಓಡುತ್ತ ಹತ್ತಿದ್ದು ಅದೇ ಮೊದಲು. ಕೂಳೆಯ ಬಳಿ ಬಿದ್ದಿದ್ದ ಕುಡುಗೋಲು ಕೈಯಲ್ಲಿತ್ತು.

“ಅಳ್ಸು.”

“ಅದು ಟ್ರಯಲ್ ಅಕ್ಕ, ಯಾರೂ ನೋಡಲ್ಲ…”

“ನಿಮ್ಮವ್ವನ್ನ ಕರ್ಕಂಡು ಬಂದು ಅಲ್ಲಿ ಕುಂಡ್ರುಸು, ಟ್ರಯಲ್ ತಗಿ. ಅಳ್ಸಲೇ.”

ಅವನು ಅಳಿಸಿದ. ಕೆಳಗಿಳಿದು ಬಂದು ಪ್ರೇಮಲತಾಳ ಮುಂದೆ ಪರದೆ ಹಿಡಿದು ಅಳಿಸಿದ್ದನ್ನು ತೋರಿಸಿದ. ಅವಳು ನೋಡಲಿಲ್ಲ. “ನಾಳೆಯಿಂದ ನಾ ಬರಲ್ಲಕ್ಕ” ಅಂದಳು, ಅಷ್ಟೇ. ಸಂಜೆಯವರೆಗೂ ಅತ್ತಳು.

“ನೀನ್ಯಾಕ ಅಳ್ತೀ? ಅಳ್ಬೇಕಾದೋರು ಐದು ಬಾತ್‌ರೂಮಿಗೆ ಬೀಗ ಜಡ್ಕಂಡು ನಗ್ತಾ ಅದಾರೆ” ಅಂದಳು ಉಚ್ಚಂಗಮ್ಮ.

ಅವತ್ತೇ ಸಂಜೆ ಬಕ್ಕೇಶ ಕೇರಿಗೆ ಬಂದ. ಕಟ್ಟೆಯ ಮೇಲೆ ಕೂತು, ಕೊಟ್ಟ ಚಹಾ ಕುಡಿಯದೆ ಲೋಟ ತಿರುವುತ್ತಿದ್ದ.

“ಉಚ್ಚಂಗಕ್ಕ, ನಿನ್ನ ಬೆಳ್ಳಿ ಈಯ್ದೈತಲ್ಲ, ಹೆಣ್ಗರು ಅಲ್ವಾ?”

ಬೆಳ್ಳಿ ಅವಳ ಆಕಳು. ನಾಟಿ ತಳಿ, ಹಾಲಿನ ಬಣ್ಣ. ಹೌದು, ಹೆಣ್ಣು ಕರು.

ವಿಷಯ ಹೊರಬಂತು. ಗೃಹಪ್ರವೇಶಕ್ಕೆ ಮೊದಲು ಮನೆಯೊಳಗೆ ಕರು ಸಮೇತ ಆಕಳು ಹೋಗಬೇಕು. ಒಳ್ಳೆ ಮುಹೂರ್ತದ ದಿನ, ದಾವಣಗೆರೆಯಲ್ಲೂ ಹರಿಹರದಲ್ಲೂ ಹತ್ತಾರು ಗೃಹಪ್ರವೇಶ. ಬಾಡಿಗೆಗೆ ಆಕಳು ತರುವವನು ಬೇರೆ ಕಡೆ ಒಪ್ಪಿಕೊಂಡು ಕೈ ಎತ್ತಿದ್ದ.

“ಯಾವ ಕೇರಿ ಆಕಳು ಅಂತ ಗೊತ್ತೈತಾ ಅವರಿಗೆ?”

“ಹೇಳೀನಿ. ಪೂಜೆ ಮಾಡ್ಸೋ ಅಯ್ನಾರನ್ನ ಕೇಳಿದ್ರು. ಆಕಳಿಗೆ ಜಾತಿ ಇಲ್ಲ ಅಂದ್ರಂತೆ.”

“ಪುಣ್ಯವಂತೆ” ಅಂದಳು ಉಚ್ಚಂಗಮ್ಮ ಬೆಳ್ಳಿಯ ಕಡೆ ನೋಡಿ. ಆಮೇಲೆ ಅದರ ಹಗ್ಗ ಕೈಗೆ ಸುತ್ತಿಕೊಂಡಳು. “ಆತು. ಆದ್ರೆ ಹಗ್ಗ ನನ್ನ ಕೈಯಾಗೇ ಇರ್ಬೇಕು. ಬ್ಯಾರೇರು ಹಿಡಿದ್ರೆ ಒದೀತಾಳೆ.”

ಬೆಳ್ಳಿ ಹುಟ್ಟಿದಾಗಿನಿಂದ ಒಂದು ನೊಣಕ್ಕೂ ಒದ್ದವಳಲ್ಲ.

ಬಕ್ಕೇಶ ಹೋದ ಮೇಲೆ ಅಂಜಿನವ್ವ ಬಂದು ರೇಗಿದಳು. “ಮಾನ ಮರ್ಯಾದೆ ಐತೇನೆ ನಿನಗೆ? ಹಗಲು ಆ ಹುಡುಗಿ ಗೋಳು ನೋಡಿ, ಸಂಜಿಗೆ ಆಕಳು ಕೊಡ್ತೀನಂತೀಯಲ್ಲ.”

“ಆಕಳ ಹಿಂದೆ ನಾನೂ ಒಳಗೆ ಹೋಗ್ತೀನಿ. ಪೂಜೆ ಆದ್ಮ್ಯಾಲೆ ನೋಡನ ಅಂದಿದ್ಳಲ್ಲ ಆಯಮ್ಮ, ನೋಡೇ ಬಿಡನ.”

“ಕೂಲಿ ಹೋಗ್ತೈತೆ.”

“ಹೋದ್ರೆ ಇನ್ನೊಂದು ದಿಬ್ಬ ಸಿಕ್ತೈತೆ. ಈ ಕಿಬ್ಬೊಟ್ಟಿ ಹೋದ್ರೆ ಇನ್ನೊಂದು ಎಲ್ಲಿಂದ ತರ್ಲಿ?”

ಗೃಹಪ್ರವೇಶದ ಬೆಳಗ್ಗೆ ಬೆಳ್ಳಿಗೆ ಬಾನಿ ತುಂಬ ಕೇರಿಯ ನಲ್ಲಿ ನೀರು ಕುಡಿಸಿದಳು. ಅದೇ ನಲ್ಲಿಗೆ ಚೊಂಬು ಹಿಡಿದು ತಾನೂ ಕುಡಿದಳು, ಸಾಕೆನಿಸಿದ ಮೇಲೂ ಕುಡಿದಳು. ಲಗೇಜ್ ಆಟೋದಲ್ಲಿ ಆಕಳು, ಕರು, ಅವಳು. ದಿನವೂ ಅವಳು ನಿಲ್ಲುತ್ತಿದ್ದ ಜಾಗದಲ್ಲೇ ಬೆಳ್ಳಿ ನಿಂತಿತು. ವ್ಯತ್ಯಾಸ ಇಷ್ಟೇ, ಬೆಳ್ಳಿಯ ಕೊರಳಿಗೆ ಹೂವಿನ ಹಾರ ಕಳಿಸಿದ್ದರು. ಅಂಜಿನವ್ವನೂ ಇದ್ದಳು. ಎಂಜಲೆಲೆ ಎತ್ತಲು ಹೆಣ್ಣಾಳು ಬೇಕೆಂದಿದ್ದರು. ಬರುವುದಿಲ್ಲ ಅಂದಿದ್ದ ಪ್ರೇಮಲತಾಳನ್ನು ಉಚ್ಚಂಗಮ್ಮನೇ ರಟ್ಟೆ ಹಿಡಿದು ಹತ್ತಿಸಿಕೊಂಡಿದ್ದಳು.

ಬಾಗಿಲಲ್ಲಿ ಕೊಟ್ಟೂರೇಶ ರೇಷ್ಮೆ ಪಂಚೆ ಉಟ್ಟು ನಿಂತಿದ್ದ. ಪಕ್ಕದಲ್ಲಿ ಆರತಿ ತಟ್ಟೆ ಹಿಡಿದ ಸ್ನೇಹಾ. ಹಗ್ಗ ಕೊಡು ಅಂತ ಕೈ ನೀಡಿದ.

“ಒದೀತಾಳ್ರಿ ಸಾವ್ಕಾರ್ರೆ.”

ಕೊಟ್ಟೂರೇಶ ಕೈ ಹಿಂದೆ ತೆಗೆದ. ಅಯ್ನಾರು ಗಡಿಯಾರ ನೋಡಿದರು. “ಮುಹೂರ್ತ ಮೀರ್ತೈತೆ. ಬರ್ಲಿ ಬಿಡ್ರಿ, ಪಡಸಾಲೆ ತನಕ ಅಷ್ಟೇ. ಏನೂ ಮುಟ್ಟಬ್ಯಾಡಮ್ಮ.”

ಉಚ್ಚಂಗಮ್ಮ ತಾನು ಮಣ್ಣು ಹೊತ್ತು ನಿಲ್ಲಿಸಿದ ಮನೆಯೊಳಗೆ ಮೊದಲ ಸಲ ಕಾಲಿಟ್ಟಳು. ಕನ್ನಡಿಯಂಥ ನೆಲ. ನೆಲದಲ್ಲಿ ಅವಳ ಕಾಲು ತಲೆಕೆಳಗಾಗಿ ಕಾಣುತ್ತಿತ್ತು. ಬೆಳ್ಳಿ ಪಡಸಾಲೆಯ ನಡುಮಧ್ಯೆ ನಿಂತು ಬಾಲ ಎತ್ತಿ ಧಾರಾಳವಾಗಿ ಸೆಗಣಿ ಹಾಕಿತು. ಮಂದಿಗೆಲ್ಲ ಸಂಭ್ರಮವೋ ಸಂಭ್ರಮ. “ಲಕ್ಷ್ಮಿ ಬಂದ್ಳು, ಲಕ್ಷ್ಮಿ!” ಅಂತ ಮುದುಕಿಯೊಬ್ಬರು ಕೈ ಮುಗಿದರು. ಕೊಟ್ಟೂರೇಶ ಪೂಜೆಯ ಚೊಂಬು ಹಿಡಿದು ಆಕಳ ಹಿಂದೆ ಕಾದ. ಗಂಜಲವೂ ಸಿಕ್ಕರೆ ಮನೆಯೆಲ್ಲ ಚಿಮುಕಿಸಬಹುದು. ಬೆಳ್ಳಿ ಮನಸ್ಸು ಮಾಡಲಿಲ್ಲ.

ಉಚ್ಚಂಗಮ್ಮ ಆ ಸೆಗಣಿ ನೋಡಿದಳು. ಕೈ ಮುಗಿದವರನ್ನೂ ನೋಡಿದಳು. ಹೊಟ್ಟೆ ಬಿರಿಯುತ್ತಿತ್ತು. ಪೂಜೆ ಮುಗಿಯಿತು, ಆರತಿ ಆಯಿತು, ಹಾಲು ಉಕ್ಕಿತು. ಆಗ ಕೇಳಿದಳು, ಎಲ್ಲರೆದುರಿಗೆ: “ಅಕ್ಕಾರೆ, ಗೃಹಪ್ರವೇಶ ಆತಲ್ಲ. ಆಮೇಲೆ ನೋಡನ ಅಂದಿದ್ರಿ. ಬಾತ್‌ರೂಮು ಯಾವ ಕಡೀಗೆ?”

ಸ್ನೇಹಾಳ ಮುಖ ಕೆಂಪಾಯಿತು. “ಇವತ್ತಾ? ಮಂದಿ ಮುಂದೆ ಏನಿದು? ಹೋಗು, ಕೆಳಗೆಲ್ಲಾದ್ರೂ ಹೋಗು.”

“ಕೆಳಗಿಂದು ಕೊಯ್ಸಿದ್ರಲ್ಲಕ್ಕಾರೆ.”

ಅಷ್ಟು ಹೇಳಿ ಹಗ್ಗವನ್ನು ಕೊಟ್ಟೂರೇಶನ ಕೈಗೆ ಹಾಕಿದಳು. ಒದೆಯುತ್ತದೆ ಅಂತ ಹೆದರಿ ಅವನು ಕಲ್ಲಾದ. ಅವಳು ನೆಟ್ಟಗೆ ನಡೆದು ಮೊದಲು ಕಂಡ ಬಾಗಿಲು ತಳ್ಳಿ ಒಳಹೊಕ್ಕು ಚಿಲಕ ಹಾಕಿದಳು.

ಅದು ಸ್ವಾಮಿಗಳ ಬಾತ್‌ರೂಮು.

ಒಳಗೆ ತಣ್ಣಗಿತ್ತು. ಅವಳು ಮೊದಲು ಚಿಲಕ ಮುಟ್ಟಿ ನೋಡಿದಳು, ಗಟ್ಟಿ ಇತ್ತು. ಕೂತಳು. ಹೊರಗೆ ಬಾಗಿಲು ಬಡಿಯುತ್ತಿದ್ದರು. “ಏ ಉಚ್ಚಂಗಿ, ಹೊರಗೆ ಬಾ!” ಅದು ಬಕ್ಕೇಶ. “ಅಯ್ಯೋ ಸ್ವಾಮಿಗಳದ್ದು!” ಅದು ಸ್ನೇಹಾ. ಮೊದಲು ಬರಲೇ ಇಲ್ಲ. ದಿಬ್ಬದ ಮೇಲೆ ಬಿಗಿಹಿಡಿಯುವುದನ್ನೇ ಕಲಿತ ಮೈ ಬಿಡಬೇಕಲ್ಲ. ಆಮೇಲೆ ಬಂತು. ಉರಿಯಿಲ್ಲದೆ, ಹೆದರಿಕೆಯಿಲ್ಲದೆ, ಯಾರಿಗೂ ಬೆನ್ನು ತಿರುಗಿಸದೆ, ಮುಗಿಯುವವರೆಗೆ. ಅವಳಿಗೆ ಅಳು ಬಂತು. ಅಳುತ್ತಲೇ ಬೈದಳು: “ಬಡೀರಿ, ಬಡೀರಿ. ಅವಸರ ಇದ್ರೆ ಇನ್ನೂ ನಾಲ್ಕು ಅದಾವೆ, ಹೋಗ್ರಿ.” ಗುಂಡಿ ಒತ್ತಿ ನೀರು ಬಿಟ್ಟಳು. ಕೈ ತೊಳೆದು, ಮುಖ ತೊಳೆದು, ಬಾಗಿಲು ತೆಗೆದಳು.

ಬಾಗಿಲಲ್ಲಿ ಅಂಜಿನವ್ವ ಮತ್ತು ಪ್ರೇಮಲತಾ. ಗದ್ದಲ ಕೇಳಿ ಹಿತ್ತಿಲಿಂದ ಬಂದಿದ್ದರು. ಉಚ್ಚಂಗಮ್ಮ ಬಾಗಿಲು ಹಿಡಿದು ಪಕ್ಕಕ್ಕೆ ಸರಿದಳು. ಪ್ರೇಮಲತಾ ಬಕ್ಕೇಶನನ್ನು ದಾಟಿ, ನೆಂಟರನ್ನು ದಾಟಿ, ತಲೆ ಎತ್ತಿಕೊಂಡು ಒಳಗೆ ಹೋದಳು. ಚಿಲಕದ ಸದ್ದು ಇಡೀ ಪಡಸಾಲೆಗೆ ಕೇಳಿಸಿತು. ಅವಳಾದ ಮೇಲೆ ಅಂಜಿನವ್ವ. ಅಂಜಿನವ್ವ ಬಹಳ ಹೊತ್ತು ತೆಗೆದುಕೊಂಡಳು. ಹೊರಬಂದು, “ಅಡ್ಡಿಯಿಲ್ಲ, ಚೊಲೋ ಕಟ್ಸೀರ್ರಿ” ಅಂದಳು.

“ನಾಳೆಯಿಂದ ನೀವ್ಯಾರೂ ಬರಬ್ಯಾಡ್ರಿ!” ಅಂತ ಬಕ್ಕೇಶ ಕೂಗಿದ.

“ಇವತ್ತಿಂದ್ಲೇ ಬರಲ್ಲ” ಅಂದಳು ಉಚ್ಚಂಗಮ್ಮ. ಕೊಟ್ಟೂರೇಶನ ಕೈಯಿಂದ ಹಗ್ಗ ತೆಗೆದುಕೊಂಡಳು. ಆಕಳು, ಕರು, ಮೂವರು ಹೆಂಗಸರು ಇಳಿಜಾರಿನ ಮೆಟ್ಟಿಲು ಇಳಿದರು.

ಮೇಲೆ ಬೇರೆ ಗಡಿಬಿಡಿ ಎದ್ದಿತು. ಅವತ್ತು ಆಶೀರ್ವಾದಕ್ಕೆ ಬರಬೇಕಿದ್ದ ಸ್ವಾಮಿಗಳು ಆಗಲೇ ಮಠ ಬಿಟ್ಟಿದ್ದರು, ಬಂದವರು ಮೊದಲು ಕೈಕಾಲು ತೊಳೆಯುವುದೇ ಅಲ್ಲಿ. ಏನು ಮಾಡುವುದು ಅಂತ ಸ್ನೇಹಾ ಅಳುತ್ತ ಕೇಳಿದಳು. ಅಯ್ನಾರು ಪರಿಹಾರ ಹೇಳಿದರು: “ಅಳಬ್ಯಾಡ್ರಿ. ಒಂದು ಚೊಂಬು ಗಂಜಲ ಚಿಮುಕಿಸಿದ್ರೆ ಎಲ್ಲಾ ಶುದ್ಧ ಆಗ್ತೈತೆ.”

ಅಂಗಡಿಯಿಂದ ಬಾಟಲಿ ಗಂಜಲ ತರಿಸಲು ಹೊತ್ತಿರಲಿಲ್ಲ. ಕಣ್ಣಳತೆಯಲ್ಲಿ ಇದ್ದದ್ದು ಒಂದೇ ಆಕಳು.

ಕೊಟ್ಟೂರೇಶ ಪಂಚೆ ಎತ್ತಿ ಹಿಡಿದು, ಪೂಜೆಯ ಚೊಂಬು ಸಮೇತ ದಿಬ್ಬ ಇಳಿದು ಓಡಿ ಬಂದ. ಕೆಳಗಿನ ರಸ್ತೆಯಲ್ಲಿ ಅವರನ್ನು ಹಿಡಿದ. “ನಿಲ್ಲಮ್ಮ, ನಿಲ್ಲು! ಒಂದು ಚೊಂಬು ಗಂಜಲ ಬೇಕು.”

“ಯಾತಕ್ರಿ?”

ಅವನು ಹೇಳಲಾರದೆ ಹೇಳಿದ. “ಬಾತ್‌ರೂಮು… ತೊಳಿಯಾಕೆ.”

ಉಚ್ಚಂಗಮ್ಮ ನಕ್ಕಳು. ರಸ್ತೆಯ ಆಚೆಗೂ ಕೇಳುವ ಹಾಗೆ ನಕ್ಕಳು. “ನಂದು ಬಿದ್ರೆ ಮೈಲಿಗೆ, ನನ್ನ ಆಕಳದ್ದು ಬಿದ್ರೆ ಮಡಿಯೇನ್ರಿ? ಇಬ್ರೂ ಒಂದೇ ನಲ್ಲಿ ನೀರು ಕುಡಿದು ಬಂದೀವಿ. ಚೊಂಬು ಇಲ್ಲಿ ಕೊಡ್ರಿ, ನಂದೇ ತುಂಬಿ ಕೊಡ್ತೀನಿ.”

ಅಷ್ಟರಲ್ಲಿ ಬೆಳ್ಳಿ ಬಾಲ ಒಂಚೂರು ಎತ್ತಿತು. ಕೊಟ್ಟೂರೇಶ ಮಾತು ಮರೆತು ಚೊಂಬು ಒಡ್ಡಿ, ರೇಷ್ಮೆ ಪಂಚೆಯನ್ನು ತೊಡೆಗೇರಿಸಿ, ನಡುರಸ್ತೆಯಲ್ಲಿ ಕುಕ್ಕರುಗಾಲಲ್ಲಿ ಕೂತ. ಮೇಲೆ ಬಾಲ್ಕನಿಯಲ್ಲಿ ನೆಂಟರು ಬಗ್ಗಿ ನೋಡಿದರು. ಅಡುಗೆಯವರು ಸೌಟು ಹಿಡಿದು ಬಂದು ನೋಡಿದರು. ಬೈಕಿನವರು ಬ್ರೇಕು ಹಾಕಿ ನೋಡಿದರು. ಬೆಳ್ಳಿ ಬಾಲ ಇಳಿಸಿತು. ಅವನು ಏಳಲಿಲ್ಲ, ಈಗ ಬಂದೀತು ಅಂತ ಕೂತೇ ಇದ್ದ. ಬೆವರು ಮೂಗಿನ ತುದಿಯಿಂದ ಚೊಂಬಿಗೆ ತೊಟ್ಟಿಕ್ಕಿತು.

ಉಚ್ಚಂಗಮ್ಮ ನಗು ನಿಲ್ಲಿಸಿದಳು. ಅವನ ಹತ್ತಿರ ಬಗ್ಗಿ ಮೆಲ್ಲಗೆ ಕೇಳಿದಳು:

“ಹೆಂಗೈತ್ರಿ ಸಾವ್ಕಾರ್ರೆ, ನಾಲ್ಕು ಮಂದಿ ನೋಡ್ತಿರುವಾಗ ಬಯಲಾಗೆ ಹಿಂಗೆ ಕುಂಡ್ರದು?”

ಕೊಟ್ಟೂರೇಶ ತಲೆ ಎತ್ತಿ ಬಾಲ್ಕನಿ ನೋಡಿದ, ಬೈಕಿನವರನ್ನು ನೋಡಿದ. ಒಂದು ಕೈ ತಾನಾಗಿಯೇ ಪಂಚೆಯನ್ನು ಮೊಣಕಾಲಿನ ಕೆಳಗೆ ಎಳೆಯಿತು. ಉಚ್ಚಂಗಮ್ಮ ಹಗ್ಗ ಜಗ್ಗಿದಳು, ಬೆಳ್ಳಿ ಸಾರಥಿಯ ಕಡೆ ಹೆಜ್ಜೆ ಹಾಕಿತು.